ಕೋಟೆ ಮನೆಯ ನಾಲ್ಕನೆಯ ಮೂಲೆ

ಗೋಡೆಗೆ ಒರಗಿ ಕೂತವರು ಸ್ವಲ್ಪ ಮುಂದೆ ಸರಿದು ಕೂತುಕೊಳ್ಳಿ. ಯಾಕೆ ಅಂತ ಈಗಲೇ ಕೇಳಬೇಡಿ. ಇದು ಯಾರೋ ಸಂತೆಯಲ್ಲಿ ಹೇಳಿದ ಸುದ್ದಿಯಲ್ಲ, ನಮ್ಮ ಗಾಳೆಪ್ಪನಿಗೇ ಆದದ್ದು. ಗಾಳೆಪ್ಪ ನನಗೆ ಏನಾಗಬೇಕು ಅನ್ನುವುದನ್ನು ಕೊನೆಗೆ ಹೇಳುತ್ತೇನೆ. ಮೊದಲೇ ಹೇಳಿಬಿಟ್ಟರೆ ನೀವು ಧೈರ್ಯವಾಗಿ ಕೇಳಿಬಿಡುತ್ತೀರಿ.

ಹೊಳೆಗೆ ಅಣೆಕಟ್ಟು ಬರುವುದಕ್ಕೆ ಎಷ್ಟೋ ಮುಂಚಿನ ಮಾತು. ನಾವೆಲ್ಲ ಮದರಾಸಿನ ಸರ್ಕಾರಕ್ಕೆ ಸೇರಿದ್ದ ಕಾಲ. ಕಂಪ್ಲಿಯಲ್ಲಿ ಗೋಡೆಗೆ ಗಾರೆ ಬಳಿಯುವವರು ಬೇಕಾದಷ್ಟು ಜನ ಇದ್ದರು, ಆದರೆ ಮೂಲೆ ತೀಡುವುದಕ್ಕೆ ಗಾಳೆಪ್ಪನೇ ಬರಬೇಕು. ಎರಡು ಗೋಡೆ ಕೂಡುವ ಸಂದಿನಲ್ಲಿ ಕರಣೆಯ ಅಂಚಿಟ್ಟು ಮೇಲಿಂದ ಕೆಳಕ್ಕೆ ಒಂದೇ ಉಸಿರಿಗೆ ಎಳೆದನೆಂದರೆ ದಾರ ಹಿಡಿದ ಹಾಗೆ ಗೀಟು ಬೀಳುತ್ತಿತ್ತು. ಆಮೇಲೆ ಹೊಳೆಯ ನುಣ್ಣನೆಯ ಕಲ್ಲು ಹಿಡಿದು ತಿಕ್ಕುತ್ತ ಕೂರುತ್ತಿದ್ದ. ಸುಯ್... ಸುಯ್... ಗಾರೆ ಹೊಳಪು ಬರುವ ತನಕ. "ಗ್ವಾಡಿ ಯಾರು ಬೇಕಾದ್ರೂ ಮಾಡ್ತಾರ, ಮನಿ ಗೊತ್ತಾಗೋದು ಮೂಲ್ಯಾಗ" ಅನ್ನುವುದು ಅವನ ಮಾತು. ಕೈಯಲ್ಲಿ ಎಷ್ಟು ಕೆಲಸ ಇತ್ತೋ ತಲೆಯಲ್ಲಿ ಅಷ್ಟೇ ಸೊಕ್ಕಿತ್ತು.

ಆವತ್ತು ರಾತ್ರಿ ಅವನು ಕೋಟೆಯಿಂದ ಪೇಟೆ ಕಡೆಗೆ ಒಬ್ಬನೇ ನಡೆದು ಬರುತ್ತಿದ್ದ. ಕೋಟೆಯ ಶೀನಪ್ಪನವರ ಮನೆಯಲ್ಲಿ ಮಗನ ಮುಂಜಿ ಹತ್ತಿರ ಬಂದಿತ್ತು, ಒಳಕೋಣೆಗೆ ಹೊಸ ಗಾರೆ. ಮೂಲೆ ಮುಗಿಸಿ ಏಳುವಷ್ಟರಲ್ಲಿ ಹೊತ್ತಾಗಿತ್ತು. ದಾರಿಯ ಎರಡು ಕಡೆಗೂ ಕಬ್ಬು. ನಡುವೆ ಒಂದು ಹಳೆಯ ಬಾವಿ. ದಿನಾ ಅಲ್ಲಿ ನಿಂತು ಕೈ ತೊಳೆದು ಹೋಗುವುದು ಅವನ ರೂಢಿ, ಸುಣ್ಣ ಕೈ ತಿನ್ನುತ್ತದಲ್ಲ. ಚೀಲ ಕೆಳಗಿಟ್ಟ. ಹಗ್ಗ ಬಿಟ್ಟ. ರಾಟೆ ಕಿರ್ರ್... ಅಂದಿತು. ಕೊಡ ನೀರಿಗೆ ಬಿತ್ತು, ಬುಳುಕ್. ಬಗ್ಗಿ ಕೈ ತೊಳೆಯುತ್ತಿದ್ದಾನೆ...

ಸುಯ್... ಸುಯ್...

ಹಿಂದೆಯೇ. ಕಲ್ಲು ಗಾರೆಯನ್ನು ತಿಕ್ಕುವ ಸದ್ದು. ಅವನು ಒದ್ದೆ ಕೈಯಲ್ಲೇ ಚೀಲ ಮುಟ್ಟಿ ನೋಡಿದ. ಕಲ್ಲು ಚೀಲದಲ್ಲೇ ಇತ್ತು. ಸದ್ದು ನಿಂತಿತು. ಆಮೇಲೆ ಬೆನ್ನಿಗೆ ತಾಗುವಷ್ಟು ಹತ್ತಿರದಲ್ಲಿ, ಪಿಸುಮಾತಿನಲ್ಲಿ... "ಅಣ್ಣಾ..."

ತಿರುಗಿದರೆ ಯಾರೂ ಇಲ್ಲ. ಕಬ್ಬಿನ ಗರಿ ಗರಿಗೆ ತಾಗುತ್ತಿತ್ತು, ಅಷ್ಟೇ. ಬೇರೆ ಯಾರಾದರೂ ಆಗಿದ್ದರೆ ಚೀಲ ಬಿಟ್ಟು ಓಡುತ್ತಿದ್ದರು. ಗಾಳೆಪ್ಪನಿಗೆ ಮೊದಲು ಬಂದದ್ದು ಸಿಟ್ಟು. ಯಾಕೆಂದರೆ ಆ ದನಿ ಅವನ ತಂಗಿ ತಾಯಕ್ಕನದು, ಮತ್ತು ತಾಯಕ್ಕ ಹೊಸ್ತಿಲು ದಾಟುವ ಹಾಗಿರಲಿಲ್ಲ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತಾಯಕ್ಕ ಸಣ್ಣ ವಯಸ್ಸಿಗೇ ಗಂಡನನ್ನು ಕಳಕೊಂಡು ಅಣ್ಣನ ಮನೆ ಸೇರಿದ್ದಳು. ನಮ್ಮ ಜನರಲ್ಲಿ ಗಂಡ ಸತ್ತವಳನ್ನು ಯಾರೂ ಕೂಡಿಹಾಕುವುದಿಲ್ಲ. ದಿನ ಕಳೆದ ಮೇಲೆ ಒಪ್ಪುವ ಗಂಡು ಬಂದರೆ ಹೊಸ ಸೀರೆ ಉಡಿಸಿ ಕಳಿಸಿಕೊಡುತ್ತಾರೆ, ಅದಕ್ಕೆ ಉಡಿಕಿ ಅನ್ನುತ್ತಾರೆ. ಆದರೆ ಗಾಳೆಪ್ಪ ದೊಡ್ಡವರ ಮನೆಗಳ ಒಳಗೆ ಕೆಲಸ ಮಾಡಿ ಮಾಡಿ ಅವರ ರೀತಿ ಕಂಡಿದ್ದ. ಅವರಲ್ಲಿ ಕೆಲವರು ಗಂಡ ಸತ್ತವಳನ್ನು ಒಂದು ವರ್ಷ ಕತ್ತಲೆ ಕೋಣೆಯ ಮೂಲೆಯಲ್ಲಿ ಕೂರಿಸುತ್ತಿದ್ದರು. ಮನೆಯ ಹಿರಿಯ ಗಂಡಸು ಬಂದು, ಕೈ ಹಿಡಿದು, ಏಳು ಅಂದ ಮೇಲೇ ಅವಳು ಏಳಬೇಕು. ನವಿಲನ್ನು ನೋಡಿ ಕೆಂಬೂತ ಪುಕ್ಕ ಕೆದರಿಕೊಂಡ ಹಾಗೆ, ಇವನೂ ತನ್ನ ಮಣ್ಣಿನ ಮನೆಯಲ್ಲಿ ತಂಗಿಯನ್ನು ಮೂಲೆಗೆ ಕೂರಿಸಿದ. ವರ್ಷವೂ ಕಳೆಯಿತು. ಏಳು ಅನ್ನಲಿಲ್ಲ.

ಬಂಡ್ರಿಯಿಂದ ಗಾಡಿಯಲ್ಲಿ ಸುಣ್ಣ ತರುತ್ತಿದ್ದ ಉಜ್ಜಿನಪ್ಪ ಅನ್ನುವವನು ತಾಯಕ್ಕನನ್ನು ಕೇಳಿದ್ದ. ಹೆಂಡತಿ ಸತ್ತವನು, ಮಾತು ಕಡಿಮೆ, ಒಳ್ಳೆಯ ಮನುಷ್ಯ. ತಾಯಕ್ಕನಿಗೂ ಮನಸ್ಸಿತ್ತು. ಗಾಳೆಪ್ಪ ಇವತ್ತು ನಾಳೆ ಅನ್ನುತ್ತ ಬಂದ. ಕೊನೆಗೆ ಉಜ್ಜಿನಪ್ಪ, ಅಮಾವಾಸ್ಯೆ ತನಕ ಕಾಯುತ್ತೇನೆ, ಮರುದಿನ ಬೆಳಗ್ಗೆ ಗಾಡಿ ಕಟ್ಟಿದರೆ ಇನ್ನು ಈ ಕಡೆ ಬರುವುದಿಲ್ಲ ಎಂದು ಹೇಳಿಬಿಟ್ಟಿದ್ದ.

ಸರಿ. ಬಾವಿಯಿಂದ ಗಾಳೆಪ್ಪ ದಾಪುಗಾಲು ಹಾಕಿ ಮನೆಗೆ ಬಂದ. ತಾಯಕ್ಕ ಮೂಲೆಯಲ್ಲೇ ಇದ್ದಳು, ಗೋಡೆಗೆ ಬೆನ್ನು ಕೊಟ್ಟು, ಮೊಣಕಾಲು ಅಪ್ಪಿಕೊಂಡು.

"ಬಾವಿ ತನಕ ಬಂದಿದ್ದೇನು?" ಎಂದ.

"ಇಲ್ಲಣ್ಣ. ನೀ ಏಳು ಅಂದಿಲ್ಲಲ್ಲ."

ಅವನ ಹೆಂಡತಿ ಉಚ್ಚೆಂಗಮ್ಮ ಒಲೆಯ ಮುಂದಿಂದಲೇ ಗದರಿದಳು. ಆ ಹುಡುಗಿ ಎಲ್ಲಿಗೆ ಬರುತ್ತಾಳೆ, ಕೂತು ಕೂತು ಸೀರೆಯ ಬೆನ್ನೇ ಸವೆದು ಹರಿದಿದೆ, ಇವತ್ತು ತೇಪೆ ಹಾಕಿದ್ದೇನೆ ನೋಡು ಅಂದಳು. ಗಾಳೆಪ್ಪ ದೀಪ ಹಿಡಿದು ನೋಡಿದ. ಮುಕ್ಕೋನ ತೇಪೆ, ದಪ್ಪ ಹೊಲಿಗೆ, ಕೆಳಗಿನ ಒಂದು ಮೂಲೆ ಮಡಚಿಕೊಂಡು ಮುದ್ದೆಯಾಗಿತ್ತು. "ಇದೊಂದು ಮೂಲಿ ನೆಟ್ಟಗ ಕೂಡ್ರಸಾಕ ಬರಲಿಲ್ಲಲ್ಲ ನಿನಗ" ಎಂದು ನಕ್ಕ. ಅದು ನಗುವ ಹೊತ್ತಾಗಿರಲಿಲ್ಲ, ಆದರೂ ನಕ್ಕ. ಅಂಥವನು.

ಮರುದಿನ ಕೋಟೆಗೆ ಹೋದರೆ ಶೀನಪ್ಪನವರು ಮುಖ ಗಂಟು ಹಾಕಿ ನಿಂತಿದ್ದರು. ಒಳಕೋಣೆಯ ಮೂರು ಮೂಲೆ ಗೀಟು ಹೊಡೆದ ಹಾಗೆ ಇವೆ. ಬಾಗಿಲಿಂದ ದೂರದ ನಾಲ್ಕನೆಯ ಮೂಲೆ ಕೆಟ್ಟಿದೆ. ಬಿರುಕು ಬಿಟ್ಟಿದ್ದಲ್ಲ, ಉದುರಿದ್ದೂ ಅಲ್ಲ. ಕೂತವರ ಬೆನ್ನಿನ ಎತ್ತರಕ್ಕೆ ಒಳಗೆ ಒತ್ತಿ, ಗುಂಡಗಾಗಿತ್ತು. ಗಾಳೆಪ್ಪ ಬೆಕ್ಕನ್ನು ಬೈದ, ಆಳುಗಳನ್ನು ಬೈದ. ಕೆತ್ತಿ ತೆಗೆದು ಮತ್ತೆ ತೀಡಿದ. ಮತ್ತೊಂದು ಬೆಳಗ್ಗೆ ಮತ್ತೆ ಹಾಗೇ. ಮುಂಜಿ ಹತ್ತಿರ ಬರುತ್ತಿತ್ತು. ಊರಲ್ಲಿ ಗಾಳೆಪ್ಪನಿಗೆ ಮೂಲೆ ತೀಡುವುದು ಮರೆತುಹೋಗಿದೆಯಂತೆ ಅನ್ನುವ ಮಾತು ಹಬ್ಬತೊಡಗಿತು. ಅದೊಂದು ಮಾತು ಅವನಿಗೆ ಸಾವಿಗಿಂತ ಹೆಚ್ಚು.

ಶೀನಪ್ಪನವರ ತಾಯಿ ಯಮುನಾಬಾಯಿ, ಕಿವಿ ಅಷ್ಟಾಗಿ ಕೇಳದ ಮುದುಕಿ, ಒಂದು ಮಧ್ಯಾಹ್ನ ಯಾರೂ ಇಲ್ಲದ್ದು ನೋಡಿ ಅವನಿಗೆ ಮೆಲ್ಲನೆ ಹೇಳಿದರು. ಆ ಮೂಲೆಯಲ್ಲಿ ಅವರ ನಾದಿನಿ ರಾಧಾಬಾಯಿಯನ್ನು ಕೂರಿಸಿದ್ದರಂತೆ. ವರ್ಷ ತುಂಬುವ ಹೊತ್ತಿಗೆ ಎಬ್ಬಿಸಬೇಕಾದ ಅಣ್ಣ, ಅಂದರೆ ಯಮುನಾಬಾಯಿಯ ಗಂಡ, ಕಾಶಿಗೆ ಹೋದವರು ತಿರುಗಿ ಬರಲೇ ಇಲ್ಲ. ಏಳು ಅನ್ನುವ ಗಂಡಸು ಮನೆಯಲ್ಲಿ ಉಳಿಯಲಿಲ್ಲ, ಶೀನಪ್ಪ ಆಗ ತೊಟ್ಟಿಲ ಕೂಸು. ನಾನೇ ಅನ್ನುತ್ತೇನೆ ಎಂದು ಯಮುನಾಬಾಯಿ ಹೊರಟರೆ, ಹೆಂಗಸಿನ ಮಾತಿಗೆ ಏಳುವ ಹಾಗಿಲ್ಲ ಎಂದು ಕೇರಿಯ ಹಿರಿಯರು ತಡೆದರು. ಹೀಗಾಗಿ ರಾಧಾಬಾಯಿ ಕೂತೇ ಇದ್ದಳು. ಬಾಗಿಲು ಸದ್ದಾದಾಗಲೆಲ್ಲ ಅಣ್ಣ ಬಂದನೇನು ಅಂತ ಕೇಳುವಳು. ಕೂತಲ್ಲೇ ಜೀವ ಬಿಟ್ಟಳು.

"ಅಕಿ ಇನ್ನೂ ಎದ್ದಿಲ್ಲಪ್ಪ," ಎಂದರು ಯಮುನಾಬಾಯಿ.

"ಗಾರಿ ಕೆಡೋದು ಬಿಸಿಗಾಳಿಗೆ, ಅಮ್ಮಾರ. ದೆವ್ವಕ್ಕಲ್ಲ," ಎಂದ ಗಾಳೆಪ್ಪ.

ಅಂದನೇನೋ ಹೌದು. ಆದರೆ ಬಾವಿಯ ಹತ್ತಿರ ಕೇಳಿದ ದನಿ ನೆನಪಾಗಿ ಆವತ್ತು ಸುಣ್ಣದ ಕೈಯಲ್ಲೇ ಬಾವಿ ದಾಟಿ ಮನೆಗೆ ಹೋದ.

ಅಮಾವಾಸ್ಯೆ ಬಂತು. ಬಿರುಬೇಸಿಗೆ. ಇಂಥ ದಿನಗಳಲ್ಲಿ ಗಾರೆಯವರು ಒಂದು ಉಪಾಯ ಮಾಡುತ್ತಾರೆ. ಬಿಸಿಗಾಳಿ ತಾಗಿದರೆ ಗಾರೆ ಬೇಗ ಒಣಗಿ ಸೀಳುತ್ತದೆ, ಅದಕ್ಕೆ ಕೋಣೆಯ ಬಾಗಿಲು ಮುಚ್ಚಿ ಹೊರಗಡೆ ಒದ್ದೆ ಗೋಣಿಚೀಲ ಇಳಿಬಿಡುತ್ತಾರೆ. ಆ ಒಳಕೋಣೆಗೆ ಕಿಟಕಿ ಇರಲಿಲ್ಲ. ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆಗೆ ಮಾತ್ರ. ಯಾಕೆ ಹಾಗೆ ಅಂತ ಗಾಳೆಪ್ಪ ಆವತ್ತಿನವರೆಗೆ ಯೋಚಿಸಿರಲಿಲ್ಲ. ಒಳಗೆ ಹೋಗಿ, ಬುಡ್ಡಿ ದೀಪ ಇಟ್ಟುಕೊಂಡು, ಚಿಲಕ ಹಾಕಿರಿ, ನಾನು ಕೂಗುವ ತನಕ ತೆಗೆಯಬೇಡಿ, ಇವತ್ತು ಅದು ಹ್ಯಾಗೆ ಕೆಡುತ್ತದೋ ನೋಡಿಯೇಬಿಡುತ್ತೇನೆ ಎಂದ. ಶೀನಪ್ಪನವರು ಚಿಲಕ ಹಾಕಿ, ಚೀಲ ಇಳಿಬಿಟ್ಟು, ಮನೆಯವರನ್ನೆಲ್ಲ ಕರೆದುಕೊಂಡು ಹೊಳೆ ಸ್ನಾನಕ್ಕೆ ಹೋದರು. ಅಲ್ಲಿಂದ ಹಾಗೇ ಮುಂಜಿಗೆ ಕರೆಯಲು ನಾಲ್ಕು ಮನೆ ತಿರುಗುವುದಿತ್ತು. ಮನೆಯಲ್ಲಿ ಉಳಿದದ್ದು ಯಮುನಾಬಾಯಿ ಒಬ್ಬರೇ, ಹೊರಗಿನ ಪಡಸಾಲೆಯಲ್ಲಿ.

ಗಾಳೆಪ್ಪ ಕೆಲಸಕ್ಕೆ ಕೂತ. ಬೆಲ್ಲದ ನೀರು ಹಾಕಿ ಕಲಸಿದ ಗಾರೆ, ಕೋಣೆ ತುಂಬ ಸಿಹಿವಾಸನೆ. ಕರಣೆ ಎಳೆದ. ಚರ್ರ್... ಗೀಟು ನೆಟ್ಟಗೆ ಬಿತ್ತು. ಕಲ್ಲು ಹಿಡಿದ. ಸುಯ್... ಸುಯ್... ಮೂಲೆ ಹೊಳೆಯತೊಡಗಿತು. ಇಷ್ಟು ಒಳ್ಳೆಯ ಮೂಲೆ ತಾನು ಯಾವತ್ತೂ ತೀಡಿಲ್ಲ ಅನ್ನಿಸಿತು ಅವನಿಗೆ. ಕೈ ನಿಲ್ಲಿಸಿದ.

ಸುಯ್...

ಅವನ ಕೈ ನಿಂತ ಮೇಲೆ ಇನ್ನೊಂದು ಸಲ.

ಉಸಿರು ಬಿಗಿಹಿಡಿದು ಕೇಳಿದ. ಏನಿಲ್ಲ. ದೀಪ ನೋಡಿದ. ಬುಡ್ಡಿಯಲ್ಲಿ ಎಣ್ಣೆ ಇತ್ತು, ಬತ್ತಿ ಇತ್ತು. ಆದರೂ ಜ್ವಾಲೆ ಸಣ್ಣಗಾಯಿತು, ನೀಲಿಯಾಯಿತು... ಆರಿತು.

ಹೊರಗೆ ಕಣ್ಣು ಕುಕ್ಕುವ ಬಿಸಿಲು ಅನ್ನುವುದನ್ನು ಮರೆಯಬೇಡಿ. ಒಳಗೆ ಕೈ ಕಣ್ಣ ಮುಂದೆ ಹಿಡಿದರೂ ಕಾಣದು. ಗಾಳೆಪ್ಪ ಬಾಗಿಲು ಯಾವ ಕಡೆ ಅಂತ ತಡವರಿಸಿದ. ಎಡಗೈಗೆ ಗೋಡೆ, ಹಸಿ ಗಾರೆ. ಬಲಗೈಗೆ ಗೋಡೆ, ಹಸಿ ಗಾರೆ. ಗೋಡೆ ಹಿಡಿದು ಸುತ್ತಿದ. ಮೂಲೆ ಸಿಕ್ಕಿತು, ಮತ್ತೊಂದು ಮೂಲೆ ಸಿಕ್ಕಿತು, ಮತ್ತೊಂದು... ಮತ್ತೊಂದು... ಸುತ್ತುತ್ತಲೇ ಇದ್ದ, ಮೂಲೆ ಬರುತ್ತಲೇ ಇತ್ತು, ಬಾಗಿಲು ಮಾತ್ರ ಬರಲಿಲ್ಲ. ತಾನೇ ತೀಡಿದ ಮೂಲೆಗಳು, ಒಂದಕ್ಕಿಂತ ಒಂದು ನೆಟ್ಟಗೆ. "ತಗೀರಿ!" ಎಂದು ಕೂಗಿದ. ಒದ್ದೆ ಗೋಡೆಗಳು ದನಿ ನುಂಗಿದವು. ಹೊರಗಿನ ಚೀಲ ಉಳಿದದ್ದನ್ನು ನುಂಗಿತು.

ಕೊನೆಗೆ ಕಾಲು ಸೋತು ಒಂದು ಕಡೆ ಕುಸಿದು ಕೂತ. ಎದುರಿನ ಮೂಲೆಯಿಂದ ಸದ್ದು ಬಂತು. ಸಣ್ಣದು. ಹಸಿ ಗಾರೆಗೆ ಏನಾದರೂ ಮೆಲ್ಲಗೆ ಒತ್ತಿಕೊಂಡರೆ ಬರುತ್ತದಲ್ಲ... ಪಿಚ್... ಅಂತ. ಆಮೇಲೆ ಬಟ್ಟೆ ಸರಿದ ಸದ್ದು. ಆಮೇಲೆ ಉಸಿರು.

"ಅಣ್ಣಾ... ಏಳಲೇನು?"

ಗಾಳೆಪ್ಪ ಎರಡೂ ಕಿವಿ ಮುಚ್ಚಿಕೊಂಡ. ಇದು ರಾಧಾಬಾಯಿ, ಇದು ರಾಧಾಬಾಯಿ ಅಂತ ಮನಸ್ಸಿನಲ್ಲೇ ಹೇಳಿಕೊಂಡ. ಅವರ ಮನೆಯ ದೆವ್ವ, ಅವರ ಮನೆಯ ಪಾಪ, ನನಗೇನು. ಎಷ್ಟು ಹೊತ್ತು ಹಾಗೆ ಕೂತಿದ್ದನೋ. ದನಿ ಸಿಟ್ಟಾಗಲಿಲ್ಲ, ಅಳಲಿಲ್ಲ. ಕೇಳುತ್ತಿತ್ತು, ಸುಮ್ಮನಾಗುತ್ತಿತ್ತು, ಮತ್ತೆ ಕೇಳುತ್ತಿತ್ತು. ಆ ತಾಳ್ಮೆಯೇ ಅವನನ್ನು ಹೆಚ್ಚು ಹೆದರಿಸಿತು.

ಆಮೇಲೆ ಅವನು ಮಾಡಿದ ಕೆಲಸ ಯಾರೂ ಮಾಡಲಾರರು. ಅಂಬೆಗಾಲಿಟ್ಟು ಆ ಮೂಲೆಗೆ ಹೋದ. ಕೈ ಚಾಚಿದ. ಯಾರೂ ಇರಲಿಲ್ಲ, ಬರೀ ಗೋಡೆ. ಆದರೆ ಮೂಲೆ ಮತ್ತೆ ಒಳಗೆ ಒತ್ತಿಹೋಗಿತ್ತು. ಬೆರಳಿಟ್ಟು ಸವರಿದ. ಬೆನ್ನಿನ ಅಚ್ಚು. ಬಟ್ಟೆಯ ನೇಯ್ಗೆ ಗಾರೆಯಲ್ಲಿ ಎಳೆ ಎಳೆಯಾಗಿ ಮೂಡಿತ್ತು. ಅದರ ನಡುವೆ ಒಂದು ಕಡೆ ಉಬ್ಬು ತಗ್ಗು. ದಪ್ಪ ಹೊಲಿಗೆ. ಮುಕ್ಕೋನ ತೇಪೆ. ಒಂದು ಮೂಲೆ ನೆಟ್ಟಗಿತ್ತು... ಇನ್ನೊಂದೂ ನೆಟ್ಟಗಿತ್ತು... ಕೆಳಗಿನ ಮೂಲೆ ಮಡಚಿಕೊಂಡು ಮುದ್ದೆಯಾಗಿತ್ತು.

ಕೈ ಹಿಂದಕ್ಕೆ ಎಳೆದುಕೊಂಡ. ಎದ್ದು ಬಾಗಿಲಿಗೆ ಓಡಬೇಕು, ಮನೆಗೆ ಓಡಬೇಕು ಅಂದುಕೊಂಡ. ಆಗಲಿಲ್ಲ. ಕಾಲಿಗೆ ನೋವಿಲ್ಲ, ಜೋಮು ಹಿಡಿದಿಲ್ಲ. ಏಳು ಅಂದರೆ ಏಳುವುದಿಲ್ಲ, ಅಷ್ಟೇ. ನೆಲಕ್ಕೆ ಕೂತವನು ಕೂತ ಹಾಗೇ. ಆಗ ತಿಳಿಯಿತು ಅವನಿಗೆ, ತಂಗಿ ಆ ಮೂಲೆಯಲ್ಲಿ ಹೇಗೆ ಕೂತಿದ್ದಾಳೆ ಅನ್ನುವುದು. ಕಾಲು ಇದ್ದೂ. ಬಾಗಿಲು ತೆರೆದೇ ಇದ್ದೂ. ಗಾಳೆಪ್ಪ ಅತ್ತ. ಗಂಡಸು, ಗಟ್ಟಿಗ, ಕತ್ತಲೆಯಲ್ಲಿ ಕೂಸಿನ ಹಾಗೆ ಅತ್ತನೆಂದು ಅವನೇ ಹೇಳಿದ್ದು, ನನಗೆ ಕಟ್ಟಿ ಹೇಳಬೇಕಾದ್ದಿಲ್ಲ.

ಚಿಲಕ ಸರಿಯಿತು, ಟಣ್. ಬೆಳಕು ಬಂತು. ದೀಪ ಹಿಡಿದು ನಿಂತವರು ಯಮುನಾಬಾಯಿ. ಹೊತ್ತು ಮುಳುಗಿ ಕತ್ತಲಾಗಿತ್ತು, ಮನೆಯವರು ಇನ್ನೂ ಬಂದಿರಲಿಲ್ಲ. ಕೂಗು ಅವರಿಗೆ ಕೇಳಿರಲಿಲ್ಲ. ಇಷ್ಟು ಹೊತ್ತಾದರೂ ಹೊರಗೆ ಬರಲಿಲ್ಲವಲ್ಲ ಎಂದು ತಾವಾಗಿ ಬಂದಿದ್ದರು. ಕೂತವನನ್ನು ನೋಡಿದರು. ಅವರಿಗೆ ಏನು ಅರ್ಥವಾಯಿತೋ, ಮಡಿ ಮೈಲಿಗೆ ಒಂದನ್ನೂ ನೋಡದೆ ಬಗ್ಗಿ ಅವನ ಕೈ ಹಿಡಿದರು.

"ಏಳಪ್ಪ ಗಾಳೆಪ್ಪ. ಹೊರಗ ನಡಿ."

ಎದ್ದ. ಆ ಮಾತಿಗೇ ಕಾದಿದ್ದ ಹಾಗೆ ಕಾಲು ಎದ್ದವು. ಅಂದು ಹಿರಿಯರು ತಡೆದ ಮಾತನ್ನು ಆ ಮುದುಕಿ ಇಂದು ಆಡಿದ್ದರು, ಹೆಂಗಸಿನ ಮಾತಿಗೂ ಏಳಬಹುದಾಗಿತ್ತು.

ಅವರು ದೀಪವನ್ನು ಮೂಲೆಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಪಿಸುಗುಟ್ಟಿದರು: "ನಮ್ಮ ರಾಧಾ ಎತ್ತರದಾಕಿ ಇದ್ಲು... ಇದು ಯಾರದೋ ಗಿಡ್ಡಾಕಿದು."

ಗಾಳೆಪ್ಪ ಚೀಲ ಬಿಟ್ಟ, ಕರಣೆ ಬಿಟ್ಟ, ಓಡಿದ. ಕಬ್ಬಿನ ದಾರಿ, ಅಮಾವಾಸ್ಯೆಯ ಕತ್ತಲೆ. ಬಾವಿ ಹತ್ತಿರ ಬರುವಾಗ ರಾಟೆ ತಾನಾಗಿ ಕಿರ್ರ್... ಅಂದಿತು. ನಿಲ್ಲಲಿಲ್ಲ. ಅವನ ಎದೆಯಲ್ಲಿ ಇದ್ದದ್ದು ಒಂದೇ ಭಯ. ದೆವ್ವ ಆಗಬೇಕಾದರೆ ಸಾಯಬೇಕಲ್ಲ. ಆ ಮೂಲೆಯಲ್ಲಿ ತಾಯಕ್ಕ ಬಂದು ಕೂತಿದ್ದರೆ, ಮನೆಯಲ್ಲಿರುವ ತಾಯಕ್ಕ...

ಉಚ್ಚೆಂಗಮ್ಮ ಬಾಗಿಲಲ್ಲೇ ನಿಂತಿದ್ದಳು. ಬೆಳಗಿನಿಂದ ತಾಯಕ್ಕ ಮಾತಾಡಿಲ್ಲ, ಮುದ್ದೆ ಮುಟ್ಟಿಲ್ಲ, ಕಣ್ಣು ಬಿಟ್ಟೇ ಇದ್ದಾಳೆ ಆದರೆ ಕರೆದರೆ ಓ ಅನ್ನುವುದಿಲ್ಲ, ಮೈ ಹೊಳೆಕಲ್ಲಿನ ಹಾಗೆ ತಣ್ಣಗಿದೆ ಅಂದಳು. ಗಾಳೆಪ್ಪ ಒಳಗೆ ನುಗ್ಗಿದ. ಮೂಲೆಯಲ್ಲಿ ತಂಗಿ ಕೂತಿದ್ದಳು. ಕಣ್ಣು ಬಾಗಿಲ ಮೇಲೆ. ಉಸಿರಿದೆಯೋ ಇಲ್ಲವೋ ದೀಪದ ಬೆಳಕಿಗೆ ತಿಳಿಯಲಿಲ್ಲ.

ಮುಂದೆ ಕುಕ್ಕರುಗಾಲಲ್ಲಿ ಕೂತು ಎರಡೂ ಕೈ ಹಿಡಿದ.

"ಏಳವ್ವ ತಾಯಕ್ಕ... ಏಳು. ತಪ್ಪಾತು. ಹೊರಗ ನಡಿ."

ಮೊದಲ ಸಲ ಏನೂ ಆಗಲಿಲ್ಲ. ಎರಡನೆಯ ಸಲ ಅಂದ. ಆಗ ಅವಳ ಎದೆ ಒಂದು ಸಲ ಮೇಲೆದ್ದು, ನೀರಿನಿಂದ ತಲೆ ಎತ್ತಿದವರ ಹಾಗೆ, ಉದ್ದಕ್ಕೆ ಉಸಿರೆಳೆದುಕೊಂಡಳು. ಎದ್ದಳು. ಅಣ್ಣನ ಹೆಗಲು ಹಿಡಿದು ಹೊಸ್ತಿಲು ದಾಟಿ ಅಂಗಳಕ್ಕೆ ಬಂದು ಆಕಾಶ ನೋಡಿದಳು. ಎಷ್ಟು ಕೇಳಿದೆ ನಿನ್ನ, ಯಾಕೆ ಓ ಅನ್ನಲಿಲ್ಲ ಅಂತಷ್ಟೇ ಕೇಳಿದಳು. ಎಲ್ಲಿ ಕೇಳಿದಳೋ ಅವಳಿಗೂ ಗೊತ್ತಿರಲಿಲ್ಲ. ಅಷ್ಟರಲ್ಲಿ ದೀಪ ಹಿಡಿದು ಹಿಂದೆ ಬಂದ ಉಚ್ಚೆಂಗಮ್ಮ ಅಲ್ಲೇ ನಿಂತುಬಿಟ್ಟಳು.

ತಾಯಕ್ಕನ ಬೆನ್ನ ಮೇಲೆ, ತೇಪೆಯ ಸುತ್ತ, ಅಂಗೈಯಗಲ ಗಾರೆ ಅಂಟಿತ್ತು. ಹಸಿಯದು. ಬೆಲ್ಲದ ವಾಸನೆ ಬರುತ್ತಿತ್ತು.

ಅವರ ಮನೆಯ ಗೋಡೆ ಕೆಮ್ಮಣ್ಣಿನದು. ಗಾರೆ ಕೆಲಸದವನ ಮನೆಯಾದರೂ ಆ ಮನೆಯೊಳಗೆ ಒಂದು ಹಿಡಿ ಗಾರೆ ಇರಲಿಲ್ಲ.

ಬೆಳಕು ಹರಿಯುವ ಮುಂಚೆ ಗಾಳೆಪ್ಪ ತಾನೇ ಹೋಗಿ ಉಜ್ಜಿನಪ್ಪನ ಗಾಡಿಯ ನೊಗ ಹಿಡಿದು ನಿಲ್ಲಿಸಿದ. ಹೊಸ ಸೀರೆ ಉಡಿಸಿ ತಂಗಿಯನ್ನು ಬಂಡ್ರಿಗೆ ಕಳಿಸಿದ. ಕೋಟೆ ಮನೆಯ ಮೂಲೆಯನ್ನು ಆಮೇಲೆ ತೀಡಿದ, ಅದು ಮತ್ತೆ ಕೆಡಲಿಲ್ಲ.

ಇನ್ನು ಗಾಳೆಪ್ಪ ನನಗೆ ಏನಾಗಬೇಕು ಅಂತ ಹೇಳಬೇಕಲ್ಲ. ನನ್ನ ತಾಯಿಗೆ ಸೋದರಮಾವ. ಬಂಡ್ರಿಗೆ ಹೋದ ತಾಯಕ್ಕನ ಹೊಟ್ಟೆಯಲ್ಲಿ ಹುಟ್ಟಿದವಳು ನನ್ನ ತಾಯಿ. ಆವತ್ತು ಅವನು ಏಳು ಅನ್ನದೇ ಇದ್ದಿದ್ದರೆ ಈ ಕತೆ ಹೇಳಲು ಇಲ್ಲಿ ನಾನು ಇರುತ್ತಿರಲಿಲ್ಲ. ಅಜ್ಜಿ ಸಾಯುವ ತನಕ ಯಾವ ಗೋಡೆಗೂ ಬೆನ್ನು ಕೊಟ್ಟು ಕೂರಲಿಲ್ಲ, ಅದನ್ನು ನಾನೇ ಕಂಡಿದ್ದೇನೆ.

ಸುಳ್ಳು ಅನ್ನುವವರು ಅನ್ನಲಿ. ಆ ತೇಪೆ ಹಾಕಿದ ಸೀರೆ ನಮ್ಮ ಮನೆಯ ಪೆಟ್ಟಿಗೆಯಲ್ಲಿದೆ. ಅಜ್ಜಿ ಒಗೆದಿದ್ದಳು, ಅವ್ವ ಒಗೆದಿದ್ದಳು, ಎಷ್ಟೋ ಬೇಸಿಗೆ ಬಿಸಿಲಿಗೆ ಹಾಕಿದ್ದೇವೆ. ತೇಪೆಯ ಹತ್ತಿರ ಬೆರಳಿಟ್ಟು ನೋಡಿ, ಬೆರಳಿಗೆ ಸುಣ್ಣ ಹತ್ತುತ್ತದೆ. ಆ ಗಾರೆ ಇನ್ನೂ ಒಣಗಿಲ್ಲ.